ಹಳೆಯ ಮ್ಯೂಸಿಕಲ್, ಹೊಸ ರಂಗಸಜ್ಜಿಕೆ: ತದ್ರೂಪು ಪ್ರಯೋಗ ಮತ್ತು ಮರುವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಶಕಗಳ ಕಾಲ ಒಂದೇ ರೂಪದಲ್ಲಿ ನಡೆದು ಬಂದ ಮ್ಯೂಸಿಕಲ್ (ಹಾಡು, ನೃತ್ಯ, ಸಂಭಾಷಣೆ ಸೇರಿದ ರಂಗನಾಟಕ) ಒಂದು ಬೇರೆ ವಿನ್ಯಾಸ ತೊಟ್ಟು ರಂಗಕ್ಕೆ ಮರಳಿದಾಗ ಪ್ರೇಕ್ಷಕರಲ್ಲಿ ಕೆಲವು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಲಂಡನ್ನಿನ ವೆಸ್ಟ್ ಎಂಡ್ ಮತ್ತು ನ್ಯೂಯಾರ್ಕಿನ ಬ್ರಾಡ್‌ವೇ ಎಂಬ ರಂಗಮಂದಿರಗಳ ಬಡಾವಣೆಗಳಲ್ಲಿ ನಡೆದಿರುವ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬರೆಯುವವನಿಗೆ ಈ ವಿಷಯದಲ್ಲಿ ತನ್ನದೇ ನಿಲುವು ಇದೆ; ಅದನ್ನು ಬಚ್ಚಿಟ್ಟಿಲ್ಲ.

ತದ್ರೂಪು ಪ್ರಯೋಗಕ್ಕೂ ಹೊಸ ಪ್ರಯೋಗಕ್ಕೂ ಇರುವ ವ್ಯತ್ಯಾಸವೇನು?

ಮ್ಯೂಸಿಕಲ್ ಒಂದರಲ್ಲಿ ಎರಡು ಪದರಗಳಿರುತ್ತವೆ. ಸಂಭಾಷಣೆ, ಹಾಡುಗಳ ಸಾಹಿತ್ಯ ಮತ್ತು ಸಂಗೀತ ಸೇರಿ ಆಗುವುದು ಕೃತಿ. ಆ ಕೃತಿಗೆ ನಿರ್ದೇಶಕರು, ರಂಗವಿನ್ಯಾಸಕರು, ವಸ್ತ್ರವಿನ್ಯಾಸಕರು, ಬೆಳಕು ಮತ್ತು ಧ್ವನಿಯ ವಿನ್ಯಾಸಕರು, ನೃತ್ಯ ಸಂಯೋಜಕರು ಕೊಡುವ ರೂಪ ಪ್ರಯೋಗ. ಕೃತಿಯ ಜೊತೆಗೆ ಈ ಎರಡನೆಯ ಪದರವನ್ನೂ ಪರವಾನಗಿ ಪಡೆದು, ಅಳತೆ, ಬಣ್ಣ, ಚಲನೆ ಸಮೇತ ಇನ್ನೊಂದು ಊರಿನಲ್ಲಿ ಮರಳಿ ಕಟ್ಟಿದರೆ ಅದು ತದ್ರೂಪು ಪ್ರಯೋಗ. ರಂಗಭೂಮಿಯವರು ರೆಪ್ಲಿಕಾ ಎನ್ನುವುದು ಇದನ್ನೇ. ಕೃತಿಯನ್ನು ಮಾತ್ರ ಪಡೆದು ಉಳಿದುದನ್ನೆಲ್ಲ ಹೊಸದಾಗಿ ಕಲ್ಪಿಸಿದರೆ ಅದು ಹೊಸ ಪ್ರಯೋಗ. 2003ರಲ್ಲಿ ಬುಡಾಪೆಸ್ಟಿನ ಮದಾಚ್ ರಂಗಮಂದಿರವು ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ವನ್ನು ತನ್ನದೇ ವಿನ್ಯಾಸದಲ್ಲಿ ಆಡಿತು, ಅಲ್ಲಿಯವರೆಗೆ ಆ ಮ್ಯೂಸಿಕಲ್ ಹೋದಲ್ಲೆಲ್ಲ ಲಂಡನ್ನಿನ ರೂಪವನ್ನೇ ಹೊತ್ತು ಹೋಗಿತ್ತು. ‘ವಿಕೆಡ್’ 2021ರಲ್ಲಿ ಹ್ಯಾಂಬರ್ಗಿಗೆ ಬಂದದ್ದೂ ಹೊಸ ವಿನ್ಯಾಸದಲ್ಲೇ.

ಇವೆರಡರ ನಡುವೆ ಮಿಶ್ರ ಬಗೆಯೊಂದಿದೆ. ವಸ್ತ್ರಗಳು ಹಳೆಯವು, ರಂಗಸಜ್ಜಿಕೆ ಹೊಸದು. ಅಥವಾ ನಿರ್ದೇಶನದ ಚೌಕಟ್ಟು ಹಳೆಯದು, ನೃತ್ಯ ಹೊಸದು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ, ಏಕೆಂದರೆ ಭಿತ್ತಿಪತ್ರದ ಮೇಲಿನ ಹೆಸರೂ ಚಿಹ್ನೆಯೂ ಮೂರು ಬಗೆಗಳಲ್ಲೂ ಒಂದೇ ಆಗಿರುತ್ತವೆ.

ಒಂದು ಪ್ರಯೋಗವನ್ನು ಇಪ್ಪತ್ತು ಮೂವತ್ತು ವರ್ಷ ಹಾಗೆಯೇ ಉಳಿಸಿಕೊಳ್ಳುವುದು ಹೇಗೆ?

ಪ್ರಥಮ ಪ್ರದರ್ಶನದ ಹೊತ್ತಿಗೆ ಪ್ರಯೋಗದ ರೂಪವನ್ನು ಅಂತಿಮಗೊಳಿಸಲಾಗುತ್ತದೆ. ಅಲ್ಲಿಂದ ಮುಂದೆ ಬದಲಾವಣೆಗೆ ಅವಕಾಶವಿರುವುದಿಲ್ಲ. ಯಾವ ಮಾತಿನ ಮೇಲೆ ಯಾರು ಎಲ್ಲಿ ನಿಂತಿರಬೇಕು, ಯಾವ ಸ್ವರಕ್ಕೆ ಯಾವ ದೀಪ ಏರಬೇಕು ಎಂಬುದೆಲ್ಲ ರಂಗವ್ಯವಸ್ಥಾಪಕರ ಪ್ರಾಂಪ್ಟ್ ಬುಕ್ಕಿನಲ್ಲಿ ದಾಖಲಾಗುತ್ತದೆ. ಬಟ್ಟೆಯ ತುಣುಕು, ಬಣ್ಣದ ಮಾದರಿ, ಹೊಲಿಗೆಯ ವಿವರಗಳಿರುವ ವಸ್ತ್ರಗಳ ಪುಸ್ತಕ ಬೇರೆ ಇರುತ್ತದೆ. ನಿರ್ದೇಶಕರು ಮುಂದಿನ ಕೆಲಸಕ್ಕೆ ಹೋದ ಮೇಲೆ ಪ್ರಯೋಗವನ್ನು ಕಾಯುವವರು ಸ್ಥಾನಿಕ ನಿರ್ದೇಶಕರು ಮತ್ತು ಡಾನ್ಸ್ ಕ್ಯಾಪ್ಟನ್. ಹೊಸ ನಟರು ಬಂದಾಗ ಅವರಿಗೆ ಪಾತ್ರದ ಜೊತೆಗೆ ಆ ಪಾತ್ರದ ಹೆಜ್ಜೆಗಳನ್ನೂ ಕಲಿಸಿಕೊಡುವವರು ಇವರೇ.

ಆದರೂ ‘ಹಾಗೆಯೇ’ ಎಂಬ ಮಾತನ್ನು ತುಸು ಎಚ್ಚರಿಕೆಯಿಂದ ಬಳಸಬೇಕು. ವರ್ಷಗಟ್ಟಲೆ ನಡೆಯುವ ಪ್ರಯೋಗದಲ್ಲಿ ತಾಳ ಸ್ವಲ್ಪ ಚುರುಕಾಗುತ್ತದೆ, ಕೆಲವು ಸಾಲುಗಳು ಕತ್ತರಿಸಲ್ಪಡುತ್ತವೆ, ಧ್ವನಿವರ್ಧಕಗಳು ಬದಲಾಗುತ್ತವೆ. ತದ್ರೂಪು ಎಂಬುದನ್ನು ಕಲ್ಲಿನ ಶಾಸನದಂತೆ ಭಾವಿಸುವುದಕ್ಕಿಂತ ಗುರುವಿನಿಂದ ಶಿಷ್ಯನಿಗೆ ಬಂದ ಪಾಠದಂತೆ ಭಾವಿಸುವುದು ಸತ್ಯಕ್ಕೆ ಹತ್ತಿರ. ಪಾಠ ಹೇಳುವವರು ಚೆನ್ನಾಗಿದ್ದರೆ ಮೂವತ್ತನೆಯ ವರ್ಷದ ಪ್ರದರ್ಶನವೂ ಜೀವಂತವಾಗಿರುತ್ತದೆ. ಅವರು ಹೆಜ್ಜೆಗಳನ್ನು ಕಲಿಸಿ ಕಾರಣಗಳನ್ನು ಕಲಿಸದೆ ಬಿಟ್ಟರೆ ಮೂರನೆಯ ವರ್ಷಕ್ಕೇ ಅದು ಕವಾಯತಾಗುತ್ತದೆ.

‘ಲೆ ಮಿಸರಾಬ್ಲ್’ನ ಹೊಸ ಪ್ರಯೋಗದಲ್ಲಿ ನಿಜವಾಗಿ ಏನು ಬದಲಾಯಿತು?

ಈ ಚರ್ಚೆಯ ಹೃದಯದಲ್ಲಿರುವುದು ಈ ಪ್ರಶ್ನೆ, ಆದ್ದರಿಂದ ಉತ್ತರವೂ ಉದ್ದವಾಗಿದೆ. ವಿಕ್ಟರ್ ಹ್ಯೂಗೊ ಅವರ ಕಾದಂಬರಿಯನ್ನು ಆಧರಿಸಿದ ಈ ಮ್ಯೂಸಿಕಲ್‌ನಲ್ಲಿ ಮಾಜಿ ಕೈದಿ ವಾಲ್‌ಜಾನ್‌ನನ್ನು ಪೊಲೀಸ್ ಅಧಿಕಾರಿಯೊಬ್ಬ ವರ್ಷಗಟ್ಟಲೆ ಬೆನ್ನಟ್ಟುತ್ತಾನೆ; ಮುಂದೆ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಯಲ್ಲಿ ತಡೆಗೋಡೆ ಕಟ್ಟಿ ದಂಗೆಯೇಳುತ್ತಾರೆ.

ಮೂಲ ಪ್ರಯೋಗ ಲಂಡನ್ನಿನ ಬಾರ್ಬಿಕನ್‌ನಲ್ಲಿ 1985ರ ಅಕ್ಟೋಬರ್ 8ರಂದು ತೆರೆ ಕಂಡಿತು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಮತ್ತು ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ಕೂಡಿ ಮಾಡಿದ ಆ ಪ್ರಯೋಗದ ನಿರ್ದೇಶಕರು ಟ್ರೆವರ್ ನನ್ ಮತ್ತು ಜಾನ್ ಕೇರ್ಡ್, ರಂಗವಿನ್ಯಾಸ ಜಾನ್ ನೇಪಿಯರ್ ಅವರದು, ಬೆಳಕು ಡೇವಿಡ್ ಹರ್ಸಿ ಅವರದು. ಅದರ ಕೇಂದ್ರದಲ್ಲಿದ್ದದ್ದು ತಿರುಗುವ ರಂಗ. ವರ್ಷಗಳು ಉರುಳುವುದು, ಊರಿಂದೂರಿಗೆ ಅಲೆಯುವುದು, ಬೆನ್ನಟ್ಟುವವನೂ ತಪ್ಪಿಸಿಕೊಳ್ಳುವವನೂ ಒಂದೇ ವರ್ತುಲದಲ್ಲಿ ಸಿಕ್ಕಿಕೊಳ್ಳುವುದು, ಎಲ್ಲವೂ ಆ ತಿರುಗಾಟದಲ್ಲೇ ಕಾಣುತ್ತಿತ್ತು. ಎರಡು ಬದಿಗಳಿಂದ ಬಂದು ಕೂಡಿಕೊಳ್ಳುವ ತಡೆಗೋಡೆ ಕಾಳಗದ ನಡುವೆ ನಿಧಾನವಾಗಿ ತಿರುಗಿ, ಅಲ್ಲಿಯವರೆಗೆ ನಮಗೆ ಕಾಣದಿದ್ದ ಇನ್ನೊಂದು ಬದಿಯನ್ನು ತೋರಿಸುತ್ತಿತ್ತು. ಬಾಲಕ ಗವ್ರೋಶ್ ಗುಂಡು ತಿಂದು ಬೀಳುವುದನ್ನು ನಾವು ಆ ಬದಿಯಲ್ಲಿ ಕಾಣುತ್ತಿದ್ದೆವು. ಕಾಳಗ ಮುಗಿದ ಮೇಲೆ ಅದೇ ಗೋಡೆ ಮತ್ತೊಮ್ಮೆ ಮೌನದಲ್ಲಿ ತಿರುಗಿದಾಗ, ಕೆಂಪು ಬಾವುಟದ ಮೇಲೆ ತಲೆಕೆಳಗಾಗಿ ಬಿದ್ದ ದಂಗೆಯ ನಾಯಕ ಆಂಜೋಲ್ರಾಸ್‌ನ ದೇಹ ಕಣ್ಣಿಗೆ ಬೀಳುತ್ತಿತ್ತು. ಒಂದು ಮಾತಿಲ್ಲದೆ, ಬರಿಯ ತಿರುಗುವಿಕೆಯಿಂದಲೇ ಇಡೀ ಕ್ರಾಂತಿಯ ಸೋಲನ್ನು ಹೇಳಿದ ಗಳಿಗೆ ಅದು.

25ನೆಯ ವರ್ಷದ ನೆಪದಲ್ಲಿ 2009ರ ಡಿಸೆಂಬರಿನಲ್ಲಿ ಕಾರ್ಡಿಫ್‌ನಿಂದ ಹೊರಟ ಸಂಚಾರಿ ಪ್ರಯೋಗವನ್ನು ಲಾರೆನ್ಸ್ ಕಾನರ್ ಮತ್ತು ಜೇಮ್ಸ್ ಪವೆಲ್ ನಿರ್ದೇಶಿಸಿದರು. ಮ್ಯಾಟ್ ಕಿನ್ಲಿ ವಿನ್ಯಾಸ ಮಾಡಿದರು. ತಿರುಗುವ ರಂಗ ಹೋಯಿತು. ಅದರ ಜಾಗಕ್ಕೆ ವಿಕ್ಟರ್ ಹ್ಯೂಗೊ ಅವರೇ ಬಿಡಿಸಿದ ಚಿತ್ರಗಳಿಂದ ಸ್ಫೂರ್ತಿ ಪಡೆದ ಪ್ರಕ್ಷೇಪಿತ (ಪ್ರೊಜೆಕ್ಟರ್‌ನಿಂದ ಮೂಡಿಸಿದ) ಹಿನ್ನೆಲೆಗಳು ಬಂದವು. ಕಾದಂಬರಿಕಾರನ ಕೈಯಿಂದಲೇ ಮೂಡಿದ ಮಸಿಯ ಕತ್ತಲೆಯನ್ನು ರಂಗಕ್ಕೆ ತರುವ ಯೋಚನೆ ಸಾಮಾನ್ಯವಾದುದಲ್ಲ. ಚರಂಡಿಯ ಸುರಂಗಗಳಲ್ಲಿ ವಾಲ್‌ಜಾನ್ ಗಾಯಾಳುವನ್ನು ಹೊತ್ತು ನಡೆಯುವ ದೃಶ್ಯದಲ್ಲಿ ಆ ಚಲಿಸುವ ಚಿತ್ರಗಳು ಕೊಡುವ ಆಳವನ್ನು ಹಳೆಯ ಪ್ರಯೋಗ ಬೆಳಕಿನಿಂದಷ್ಟೇ ಸೂಚಿಸುತ್ತಿತ್ತು. ಆದರೆ ತಡೆಗೋಡೆ ಈಗ ತಿರುಗುವುದಿಲ್ಲ. ಗವ್ರೋಶ್ ಗೋಡೆಯ ಆಚೆ ನಮ್ಮ ಕಣ್ಣಿಗೆ ಮರೆಯಾಗಿ ಸಾಯುತ್ತಾನೆ.

ಈ ಒಂದು ಬದಲಾವಣೆಯ ಪರವಾಗಿಯೂ ವಾದಿಸಬಹುದು. ಮಗುವಿನ ಸಾವನ್ನು ತೋರಿಸದೆ, ಗೋಡೆಯ ಈಚೆ ನಿಂತವರ ಮುಖದಲ್ಲಿ ಅದನ್ನು ಓದುವಂತೆ ಮಾಡುವುದೂ ಒಂದು ನಾಟಕೀಯ ಆಯ್ಕೆಯೇ. ನನ್ನ ಮಟ್ಟಿಗೆ ನಷ್ಟವೇ ದೊಡ್ಡದು. ಮೊದಲ ಪ್ರಯೋಗದಲ್ಲಿ ರಂಗಸಜ್ಜಿಕೆ ಕಥೆಯ ಹಿಂದೆ ನಿಂತ ಚಿತ್ರವಾಗಿರಲಿಲ್ಲ, ಸ್ವತಃ ನಿರೂಪಕನ ಕೆಲಸ ಮಾಡುತ್ತಿತ್ತು. ಹೊಸ ಹಿನ್ನೆಲೆಗಳು ಕಣ್ಣಿಗೆ ತುಂಬ ಚೆಲುವಾಗಿವೆ. ಆದರೆ ನಿರೂಪಕ ಖಾಲಿ ಮಾಡಿದ ಸ್ಥಾನವನ್ನು ಅವು ಪೂರ್ತಿಯಾಗಿ ತುಂಬಿಲ್ಲ.

ಲಂಡನ್ನಿನಲ್ಲಿ ಮೂಲ ಪ್ರಯೋಗ ಯಾವಾಗ ನಿಂತಿತು?

2019ರ ಜುಲೈ 13ರಂದು, ಕ್ವೀನ್ಸ್ ಥಿಯೇಟರಿನಲ್ಲಿ. ಕಟ್ಟಡದ ನವೀಕರಣಕ್ಕಾಗಿ ಮುಚ್ಚಿದ ಆ ರಂಗಮಂದಿರ ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಡ್‌ಹೈಮ್ ಥಿಯೇಟರ್ ಎಂಬ ಹೊಸ ಹೆಸರಿನಲ್ಲಿ ತೆರೆಯಿತು. ಒಳಗೆ ನಡೆಯತೊಡಗಿದ್ದು 2009ರ ವಿನ್ಯಾಸದಿಂದ ಬೆಳೆದ ಹೊಸ ಪ್ರಯೋಗ. ಬ್ರಾಡ್‌ವೇಯಲ್ಲಿ ಮೂಲ ಪ್ರಯೋಗ 1987ರಿಂದ 2003ರವರೆಗೆ ನಡೆದಿತ್ತು. ಅಲ್ಲಿ 2006ರ ಮರುಪ್ರಯೋಗ ಬಹುಮಟ್ಟಿಗೆ ಹಳೆಯ ರೂಪವನ್ನೇ ಅನುಸರಿಸಿತು, 2014ರದು ಹೊಸದನ್ನು ತಂದಿತು. ಒಂದೇ ನಗರ ಎಂಟು ವರ್ಷಗಳ ಅಂತರದಲ್ಲಿ ಎರಡೂ ದಾರಿಗಳನ್ನು ನೋಡಿದೆ.

‘ಫ್ಯಾಂಟಮ್’ನ ವಿಷಯದಲ್ಲಿ ಅಭಿಮಾನಿಗಳು ಅಷ್ಟು ನೊಂದುಕೊಂಡದ್ದೇಕೆ?

1986ರ ಅಕ್ಟೋಬರ್ 9ರಂದು ಲಂಡನ್ನಿನ ಹರ್ ಮೆಜೆಸ್ಟಿಸ್ ಥಿಯೇಟರಿನಲ್ಲಿ ಆರಂಭವಾದ ಈ ಪ್ರಯೋಗವನ್ನು ಹೆರಾಲ್ಡ್ ಪ್ರಿನ್ಸ್ ನಿರ್ದೇಶಿಸಿದ್ದರು. ರಂಗಸಜ್ಜಿಕೆ ಮತ್ತು ವಸ್ತ್ರ ಎರಡೂ ಮರಿಯಾ ಬ್ಯೋರ್ನ್‌ಸನ್ ಅವರ ಕೈಕೆಲಸ. ಕಥೆ ನಡೆಯುವುದೇ ಒಂದು ಒಪೆರಾ ಮಂದಿರದೊಳಗೆ. ಹೀಗಾಗಿ ಬ್ಯೋರ್ನ್‌ಸನ್ ರಂಗದ ಮುಂಚೌಕಟ್ಟನ್ನೇ ಚಿನ್ನದ ಬಣ್ಣದ ಶಿಲ್ಪಗಳಿಂದ ತುಂಬಿ, ಪ್ರೇಕ್ಷಕರು ಕುಳಿತ ಕಟ್ಟಡವನ್ನೂ ಕಥೆಯ ಭಾಗವಾಗಿಸಿದರು. ಆರಂಭದ ಸಂಗೀತಕ್ಕೆ ಧೂಳು ಕೊಡವಿಕೊಂಡು ಮೇಲೇರುವ ಬೃಹತ್ ತೂಗುದೀಪ, ಮೊದಲ ಅಂಕದ ಕೊನೆಗೆ ನಮ್ಮ ತಲೆಯ ಮೇಲಿಂದಲೇ ರಂಗದತ್ತ ಬೀಳುತ್ತದೆ. ಸರೋವರದ ದೃಶ್ಯದಲ್ಲಿ ನೆಲದಿಂದ ಮೇಣದಬತ್ತಿಗಳು ಏಳುತ್ತವೆ. ಇಷ್ಟೆಲ್ಲ ವೈಭವದ ನಡುವೆಯೂ ಪ್ರಿನ್ಸ್ ಅವರ ರಂಗದ ಬಹುಭಾಗ ಕಪ್ಪು ಶೂನ್ಯವಾಗಿತ್ತೆಂಬುದನ್ನು ಅನೇಕರು ಮರೆಯುತ್ತಾರೆ. ಆ ಕತ್ತಲೆಯಲ್ಲಿ ಒಂದು ಪರದೆ, ಒಂದು ದೋಣಿ, ಒಂದು ಮೆಟ್ಟಿಲು ಮಾತ್ರ ಕಾಣಿಸಿ ಉಳಿದುದನ್ನು ನೋಡುಗರ ಕಲ್ಪನೆ ಕಟ್ಟಿಕೊಳ್ಳುತ್ತಿತ್ತು.

2012ರಲ್ಲಿ ಪ್ಲಿಮತ್‌ನಿಂದ ಹೊರಟ ಸಂಚಾರಿ ಪ್ರಯೋಗ ಬ್ಯೋರ್ನ್‌ಸನ್ ಅವರ ವಸ್ತ್ರಗಳನ್ನು ಉಳಿಸಿಕೊಂಡು, ಪಾಲ್ ಬ್ರೌನ್ ಅವರ ಹೊಸ ರಂಗಸಜ್ಜಿಕೆಯನ್ನು ಬಳಸಿತು. ನಿರ್ದೇಶನ ಲಾರೆನ್ಸ್ ಕಾನರ್ ಅವರದು. ತಿರುಗುತ್ತ ತೆರೆದುಕೊಳ್ಳುವ ದೊಡ್ಡ ಉರುಳೆಯಾಕಾರದ ಗೋಡೆಯಿಂದ ನೇಪಥ್ಯದ ಕೋಣೆಗಳೂ ಮೆಟ್ಟಿಲುಗಳೂ ಹೊರಬರುವ ಆ ವಿನ್ಯಾಸ ವಾಸ್ತವಕ್ಕೆ ಹೆಚ್ಚು ಹತ್ತಿರ, ಮೂಲದ ಕತ್ತಲೆಗೆ ದೂರ. ಅದು ತನ್ನನ್ನು ಹೊಸ ಪ್ರಯೋಗ ಎಂದೇ ಕರೆದುಕೊಂಡದ್ದರಿಂದ, ಒಪ್ಪದವರೂ ಅದನ್ನು ಅದರ ನೆಲೆಯಲ್ಲಿ ನೋಡಲು ಸಾಧ್ಯವಾಯಿತು.

2021ರ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದದ್ದು ಬೇರೆ. ಸಾಂಕ್ರಾಮಿಕದ ದೀರ್ಘ ವಿರಾಮದ ಬಳಿಕ ಅದೇ ಮಂದಿರದಲ್ಲಿ, ಅದೇ ಹೆಸರಿನಲ್ಲಿ, ಹೊರನೋಟಕ್ಕೆ ಅದೇ ಆಗಿ ಕಾಣುವ ಪ್ರಯೋಗ ಮರಳಿತು. ಆದರೆ ರಂಗಸಜ್ಜಿಕೆ ಮಾರ್ಪಾಡಾಗಿತ್ತು, ವಾದ್ಯವೃಂದ 27 ಮಂದಿಯಿಂದ 14ಕ್ಕೆ ಇಳಿದಿತ್ತು. ಬ್ಯೋರ್ನ್‌ಸನ್ 2002ರಲ್ಲಿ, ಪ್ರಿನ್ಸ್ 2019ರಲ್ಲಿ ತೀರಿಕೊಂಡಿದ್ದರು. ಮಾರ್ಪಾಡುಗಳ ಬಗ್ಗೆ ಮಾತನಾಡಲು ಅವರಿಬ್ಬರೂ ಇರಲಿಲ್ಲ. ಅಭಿಮಾನಿಗಳ ನೋವಿನ ಮೂಲ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ತದ್ರೂಪು ಎಂದು ನಂಬಿ ಹೋದವರಿಗೆ ತುಸು ಕಡಿಮೆಯಾದ ತದ್ರೂಪು ಸಿಕ್ಕಿತು. ನ್ಯೂಯಾರ್ಕಿನ ಮೆಜೆಸ್ಟಿಕ್ ಥಿಯೇಟರಿನಲ್ಲಿ ಮೂಲ ರೂಪ ಮುಂದುವರಿದು, 13,981 ಪ್ರದರ್ಶನಗಳ ನಂತರ 2023ರ ಏಪ್ರಿಲ್ 16ರಂದು ಕೊನೆಯಾಯಿತು.

ಹಾಗಾದರೆ ಇದೆಲ್ಲ ಹಣ ಉಳಿಸುವ ಉಪಾಯವಷ್ಟೇ ಅಲ್ಲವೇ?

ಹಣದ ಪಾತ್ರವನ್ನು ನಿರಾಕರಿಸುವುದು ಪ್ರಾಮಾಣಿಕತೆಯಾಗುವುದಿಲ್ಲ. ತಿರುಗುವ ರಂಗವೊಂದನ್ನು ಪ್ರತಿ ಊರಿನಲ್ಲಿ ಜೋಡಿಸಬೇಕು, ಅದರ ಯಂತ್ರಗಳಿಗಾಗಿ ರಂಗದ ನೆಲವನ್ನೇ ಎತ್ತರಿಸಬೇಕು, ಜೋಡಣೆಗೂ ಬಿಚ್ಚುವುದಕ್ಕೂ ಹಿಡಿಯುವ ಪ್ರತಿಯೊಂದು ದಿನವೂ ಪ್ರದರ್ಶನವಿಲ್ಲದ ದಿನವಾಗುತ್ತದೆ. ಪ್ರಕ್ಷೇಪಣವನ್ನು ನೆಚ್ಚಿದ ಸಜ್ಜಿಕೆ ಹಗುರ, ಸಾಗಣೆಗೆ ಸುಲಭ, ಬೇರೆ ಬೇರೆ ಅಳತೆಯ ರಂಗಗಳಿಗೆ ಬೇಗ ಒಗ್ಗುತ್ತದೆ. ಸಣ್ಣ ನಗರಗಳ ಪ್ರೇಕ್ಷಕರಿಗೆ ದೊಡ್ಡ ಮ್ಯೂಸಿಕಲ್‌ಗಳು ತಲುಪುವುದಕ್ಕೆ ಇದರಿಂದ ನಿಜವಾದ ಉಪಕಾರವಾಗಿದೆ.

ಆದರೆ ಹಳೆಯ ವಿನ್ಯಾಸವನ್ನು ಸಂಚಾರಕ್ಕೆ ಒಯ್ಯುವುದು ಅಸಾಧ್ಯವೆಂಬ ಮಾತು ಬಂದರೆ ಒಪ್ಪಬೇಕಾಗಿಲ್ಲ. ‘ಲೆ ಮಿಸರಾಬ್ಲ್’ನ ಅಮೆರಿಕದ ಒಂದು ಸಂಚಾರಿ ತಂಡ 1988ರಿಂದ 2006ರವರೆಗೆ, ಅಂದರೆ 17 ವರ್ಷಗಳಿಗೂ ಹೆಚ್ಚು ಕಾಲ, ಮೂಲ ವಿನ್ಯಾಸವನ್ನೇ ಊರೂರಿಗೆ ಹೊತ್ತು ತಿರುಗಿತ್ತು. ಸಾಧ್ಯವಿತ್ತು, ದುಬಾರಿಯಾಗಿತ್ತು. ದುಬಾರಿ ಎಂಬುದು ಗೌರವಯುತವಾದ ಕಾರಣವೇ. ಉಳಿತಾಯಕ್ಕಾಗಿ ಮಾಡಿದ ಕೆಲಸಕ್ಕೆ ಕಲಾತ್ಮಕ ಮರುಚಿಂತನೆ ಎಂಬ ಹೆಸರಿಡುವುದು ಮಾತ್ರ ಪ್ರೇಕ್ಷಕರ ನಂಬಿಕೆಯನ್ನು ಸವೆಸುತ್ತದೆ.

ಪ್ರಕ್ಷೇಪಣ ಬಂದ ಮೇಲೆ ಘನವಾದ ರಂಗಸಜ್ಜಿಕೆಯ ಅಗತ್ಯವೇನಿದೆ?

ವಿಯೆಟ್ನಾಂ ಯುದ್ಧದ ಹಿನ್ನೆಲೆಯ ‘ಮಿಸ್ ಸೈಗಾನ್’ನಲ್ಲಿ ಅಮೆರಿಕನ್ನರನ್ನು ಸೈಗಾನ್‌ನಿಂದ ಕೊಂಡೊಯ್ಯುವ ಹೆಲಿಕಾಪ್ಟರ್ ಇದಕ್ಕೆ ಉತ್ತರ ಹೇಳುತ್ತದೆ. 1989ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ರಂಗಕ್ಕೆ ಜಾನ್ ನೇಪಿಯರ್ ಇಳಿಸಿದ ಹೆಲಿಕಾಪ್ಟರ್ ಆ ಕಾಲದ ಮ್ಯೂಸಿಕಲ್ ವೈಭವಕ್ಕೆ ಹೆಸರಾಯಿತು. ಮುಂದೆ ಸಂಚಾರಿ ಪ್ರಯೋಗದಲ್ಲಿ ಅದರ ಜಾಗಕ್ಕೆ ಪ್ರಕ್ಷೇಪಿತ ಚಿತ್ರ ಬಂತು. 2014ರಲ್ಲಿ ಲಂಡನ್ನಿನ ಪ್ರಿನ್ಸ್ ಎಡ್ವರ್ಡ್ ಥಿಯೇಟರಿನಲ್ಲಿ ಹೊಸ ಪ್ರಯೋಗ ಆರಂಭವಾದಾಗ ಚಿತ್ರದ ಜೊತೆಗೆ ಘನವಾದ ಹೆಲಿಕಾಪ್ಟರ್ ಕೂಡ ಮರಳಿತು. ತನ್ನವರನ್ನು ಬಿಟ್ಟು ಹಾರಿಹೋಗುತ್ತಿರುವ ವಸ್ತುವಿಗೆ ತೂಕ ಇರಬೇಕು, ಗಾಳಿ ಎಬ್ಬಿಸಬೇಕು, ಬೇಲಿಯಾಚೆ ನಿಂತವರು ಕೈಚಾಚಿದರೆ ಸಿಗುವಂತಿದ್ದೂ ಸಿಗದೆ ಹೋಗಬೇಕು. ಬೆಳಕಿನಲ್ಲಿ ಬರೆದ ಚಿತ್ರಕ್ಕೆ ಈ ಮೂರೂ ಕಷ್ಟ. ದೂರ, ಆಳ, ಹವಾಮಾನ, ನೆನಪು ಇವುಗಳನ್ನು ತೋರಿಸುವುದರಲ್ಲಿ ಪ್ರಕ್ಷೇಪಣವನ್ನು ಮೀರಿಸುವುದು ಬೇರೊಂದಿಲ್ಲ. ನಟನ ದೇಹ ಮುಟ್ಟಬೇಕಾದದ್ದನ್ನು ಅದಕ್ಕೆ ಒಪ್ಪಿಸಬಾರದು.

ಹಳೆಯ ದೀಪಗಳನ್ನು ಬದಲಾಯಿಸಿದರೆ ತದ್ರೂಪು ಕೆಡುತ್ತದೆಯೇ?

ಸ್ವಲ್ಪ ಮಟ್ಟಿಗೆ ಕೆಡುತ್ತದೆ. ತಂತಿ ಕಾಯ್ದು ಬೆಳಗುವ ಹಳೆಯ ಟಂಗ್‌ಸ್ಟನ್ ದೀಪವನ್ನು ಮಂದಗೊಳಿಸಿದಂತೆ ಅದರ ಬೆಳಕು ಕೆಂಪು ಹಳದಿಯತ್ತ ವಾಲುತ್ತದೆ; ಎಲ್‌ಇಡಿ ದೀಪ ತಾನಾಗಿ ಹಾಗೆ ವಾಲುವುದಿಲ್ಲ, ಅದನ್ನು ಅನುಕರಿಸುವಂತೆ ಅಳವಡಿಸಬೇಕಾಗುತ್ತದೆ. 1980ರ ದಶಕದ ವಿನ್ಯಾಸಕರು ಟಂಗ್‌ಸ್ಟನ್‌ನ ಈ ಗುಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ದೃಶ್ಯಗಳನ್ನು ಬರೆದಿದ್ದರು. ಹಳೆಯ ಉಪಕರಣಗಳ ಬಿಡಿಭಾಗಗಳು ಸಿಗದೆ ಹೋದಾಗ ಬದಲಾವಣೆ ಅನಿವಾರ್ಯ. ಆ ಬದಲಾವಣೆಯನ್ನು ಮೂಲ ವಿನ್ಯಾಸಕರು ಅಥವಾ ಅವರ ಜೊತೆ ದುಡಿದವರು ಕುಳಿತು ಮಾಡಿದರೆ ಪ್ರೇಕ್ಷಕರಿಗೆ ಅದು ತಿಳಿಯುವುದೂ ಇಲ್ಲ.

ಹೊಸ ವಿನ್ಯಾಸವೇ ಮೇಲೆನಿಸಿದ ಉದಾಹರಣೆಗಳಿವೆಯೇ?

ಖಂಡಿತ ಇವೆ, ಮತ್ತು ತದ್ರೂಪಿನ ಪಕ್ಷ ವಹಿಸುವವರು ಇವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ‘ಶಿಕಾಗೊ’ 1975ರಲ್ಲಿ ಬಾಬ್ ಫಾಸಿ ಅವರ ನಿರ್ದೇಶನದಲ್ಲಿ ಬಂದು 936 ಪ್ರದರ್ಶನಗಳನ್ನು ಕಂಡು ನಿಂತಿತು. 1996ರಲ್ಲಿ ನ್ಯೂಯಾರ್ಕಿನ ಸಿಟಿ ಸೆಂಟರಿನ ‘ಎನ್‌ಕೋರ್ಸ್’ ಸರಣಿಗಾಗಿ ಕೆಲವೇ ಪ್ರದರ್ಶನಗಳ ಸಂಗೀತ ಕಚೇರಿಯ ರೂಪದಲ್ಲಿ ಅದನ್ನು ಮತ್ತೆ ಆಡಲಾಯಿತು: ವಾದ್ಯವೃಂದ ರಂಗದ ಮೇಲೆಯೇ, ಕಪ್ಪು ಉಡುಪು, ಸಜ್ಜಿಕೆ ಇಲ್ಲವೆಂಬಷ್ಟು ಕಡಿಮೆ. ಆ್ಯನ್ ರೈನ್‌ಕಿಂಗ್ ಫಾಸಿಯವರ ಶೈಲಿಯಲ್ಲಿ ನೃತ್ಯ ಸಂಯೋಜಿಸಿದರು. ಅದೇ ವರ್ಷ ಬ್ರಾಡ್‌ವೇಗೆ ಬಂದ ಆ ಪ್ರಯೋಗ ಅಲ್ಲಿ ಅತಿ ಹೆಚ್ಚು ಕಾಲ ನಡೆದ ಅಮೆರಿಕನ್ ಮ್ಯೂಸಿಕಲ್ ಆಯಿತು. ಅಪರಾಧವನ್ನು ಮನರಂಜನೆಯನ್ನಾಗಿ ಮಾರುವ ಕಥೆಗೆ ಬೇಕಾದದ್ದು ಬರಿಯ ವೇದಿಕೆ ಮತ್ತು ವಾದ್ಯವೃಂದ ಎಂಬುದನ್ನು ಆ ಬೋಳು ರೂಪ ಹೊರಗೆಡಹಿತು. ಇಂದು ಬೇರೆ ದೇಶಗಳಲ್ಲಿ ತದ್ರೂಪಾಗಿ ಮರುಸೃಷ್ಟಿಯಾಗುವುದು 1996ರ ಆ ರೂಪ, 1975ರದಲ್ಲ. ಒಂದು ಕಾಲದ ಮರುವಿನ್ಯಾಸ ಮುಂದಿನ ಕಾಲದ ಮೂಲವಾಗಬಲ್ಲದು.

ಕೊಲೆಗಾರ ಕ್ಷೌರಿಕನೊಬ್ಬನ ಕಥೆಯಾದ ‘ಸ್ವೀನಿ ಟಾಡ್’ ಇನ್ನೊಂದು. 1979ರಲ್ಲಿ ಹೆರಾಲ್ಡ್ ಪ್ರಿನ್ಸ್ ಅವರಿಗಾಗಿ ಯೂಜೀನ್ ಲೀ ಹಳೆಯ ಎರಕದ ಕಾರ್ಖಾನೆಯ ಭಾಗಗಳನ್ನೇ ತಂದು ರಂಗದ ಮೇಲೆ ಕೈಗಾರಿಕಾ ಯುಗವನ್ನು ನಿಲ್ಲಿಸಿದ್ದರು. 2004ರಲ್ಲಿ ಇಂಗ್ಲೆಂಡಿನ ವಾಟರ್‌ಮಿಲ್ ಎಂಬ ಪುಟ್ಟ ರಂಗಮಂದಿರದಲ್ಲಿ ಜಾನ್ ಡಾಯ್ಲ್ ನಟರ ಕೈಗೇ ವಾದ್ಯಗಳನ್ನು ಕೊಟ್ಟರು. ಮುಂದಿನ ವರ್ಷ ಬ್ರಾಡ್‌ವೇಗೂ ಹೋದ ಆ ಪ್ರಯೋಗದಲ್ಲಿ ಮೂಲದ ವಿಸ್ತಾರ ಇರಲಿಲ್ಲ. ಅದರ ಬದಲು ಉಸಿರುಗಟ್ಟಿಸುವ ಇಕ್ಕಟ್ಟು ಇತ್ತು, ಮತ್ತು ಆ ಇಕ್ಕಟ್ಟು ಕಥೆಗೆ ಸೇರಿದ್ದಾಗಿತ್ತು.

‘ಸನ್‌ಸೆಟ್ ಬುಲೆವಾರ್ಡ್’ ಮೂರನೆಯದು. 1993ರಲ್ಲಿ ನೇಪಿಯರ್ ಅವರ ಭವ್ಯ ಬಂಗಲೆ ರಂಗದ ಮೇಲೆ ಏರಿ ಇಳಿಯುತ್ತಿತ್ತು. 2023ರಲ್ಲಿ ಜೇಮಿ ಲಾಯ್ಡ್ ಬಂಗಲೆಯನ್ನೇ ತೆಗೆದುಹಾಕಿ, ಖಾಲಿ ರಂಗ, ಹೊಗೆ, ಕ್ಯಾಮೆರಾ ಮತ್ತು ಬೃಹತ್ ಪರದೆಗಳಲ್ಲಿ ಕಥೆ ಹೇಳಿದರು. ಚಲನಚಿತ್ರದ ತಾರೆಯೊಬ್ಬಳ ಕಥೆಯಲ್ಲಿ ಕ್ಯಾಮೆರಾ ಅವಳ ಮುಖಕ್ಕೆ ಅಷ್ಟು ಹತ್ತಿರ ಬರುವುದಕ್ಕೆ ಅರ್ಥವಿತ್ತು. ಬ್ರಾಡ್‌ವೇಗೆ ಬಂದ ಆ ಪ್ರಯೋಗಕ್ಕೆ 2025ರಲ್ಲಿ ಅತ್ಯುತ್ತಮ ಮರುಪ್ರಯೋಗಕ್ಕೆ ಕೊಡುವ, ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಸಿಕ್ಕಿತು. ಮೂರೂ ಕಡೆ ಒಂದು ಸಮಾನ ಗುಣವನ್ನು ಗಮನಿಸಿ: ಮೂಲ ವಿನ್ಯಾಸ ಯಾವ ಕೆಲಸ ಮಾಡುತ್ತಿತ್ತೆಂದು ಹೊಸಬರು ಅರಿತಿದ್ದರು, ಮತ್ತು ಅದನ್ನು ತೆಗೆದಾಗ ಇನ್ನೊಂದು ಕಸುವನ್ನು ಅಲ್ಲಿಟ್ಟರು.

ನೃತ್ಯವನ್ನೂ ಹೀಗೆಯೇ ಬದಲಾಯಿಸಬಹುದೇ?

ಇಲ್ಲಿ ನಾನು ಹೆಚ್ಚು ಹಿಂಜರಿಯುತ್ತೇನೆ. ಕೆಲವು ಮ್ಯೂಸಿಕಲ್‌ಗಳಲ್ಲಿ ನೃತ್ಯ ಕೃತಿಯೊಡನೆಯೇ ಹುಟ್ಟಿರುತ್ತದೆ. ‘ಎ ಕೋರಸ್ ಲೈನ್’ ನರ್ತಕರ ಬದುಕಿನ ಮಾತುಗಳಿಂದಲೇ ಮೈಕೆಲ್ ಬೆನೆಟ್ ಕಟ್ಟಿದ್ದು. 1975ರಿಂದ 1990ರವರೆಗೆ ಬ್ರಾಡ್‌ವೇಯಲ್ಲಿ 6,137 ಪ್ರದರ್ಶನಗಳನ್ನು ಕಂಡ ಅದನ್ನು 2006ರಲ್ಲಿ ಮರಳಿ ತಂದಾಗ ಮೂಲದ ಸಹ ನೃತ್ಯ ಸಂಯೋಜಕ ಬಾಬ್ ಏವಿಯನ್ ನಿರ್ದೇಶಿಸಿದರು, ಮೂಲ ತಂಡದ ನರ್ತಕಿ ಬೇಯೊರ್ಕ್ ಲೀ ಹೆಜ್ಜೆಗಳನ್ನು ಪುನಃ ಕಟ್ಟಿದರು. ಹೆಜ್ಜೆಗಳ ಜೊತೆಗೆ ಅವುಗಳ ಹಿಂದಿನ ಕಾರಣವೂ ದಾಟಿ ಬಂತು. 2021ರಲ್ಲಿ ಲೆಸ್ಟರಿನ ಕರ್ವ್ ರಂಗಮಂದಿರ ಇದೇ ಕೃತಿಗೆ ಎಲೆನ್ ಕೇನ್ ಅವರ ಹೊಸ ನೃತ್ಯ ತಂದು ಮೆಚ್ಚುಗೆ ಪಡೆದದ್ದೂ ನಿಜ. ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾರೆ.

‘ಕ್ಯಾಟ್ಸ್’ನ 2016ರ ಬ್ರಾಡ್‌ವೇ ಮರುಪ್ರಯೋಗದಲ್ಲಿ ನಿರ್ದೇಶಕ ಟ್ರೆವರ್ ನನ್, ವಿನ್ಯಾಸಕ ಜಾನ್ ನೇಪಿಯರ್ ಇಬ್ಬರೂ ಮೂಲದವರೇ, ನೃತ್ಯವನ್ನು ಮಾತ್ರ ಗಿಲಿಯನ್ ಲಿನ್ ಅವರ ಸಂಯೋಜನೆಯ ಆಧಾರದ ಮೇಲೆ ಆ್ಯಂಡಿ ಬ್ಲಾಂಕನ್‌ಬ್ಯೂಲರ್ ಪರಿಷ್ಕರಿಸಿದರು. ಲಿನ್ ಆ ಬಗ್ಗೆ ತಮ್ಮ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು. 1981ರಲ್ಲಿ ‘ಕ್ಯಾಟ್ಸ್’ ಆರಂಭವಾದ ಲಂಡನ್ನಿನ ರಂಗಮಂದಿರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಅರ್ಧ ಬದಲಾವಣೆಗಿಂತ ಪೂರ್ಣ ಬದಲಾವಣೆಯೇ ಕೆಲವೊಮ್ಮೆ ಹೆಚ್ಚು ಗೌರವದ್ದು: 2024ರಲ್ಲಿ ನ್ಯೂಯಾರ್ಕಿನ ಪೆರೆಲ್‌ಮನ್ ಕೇಂದ್ರದಲ್ಲಿ ನಡೆದ ‘ಕ್ಯಾಟ್ಸ್: ದಿ ಜೆಲಿಕಲ್ ಬಾಲ್’ ಇಡೀ ಕೃತಿಯನ್ನು ಬಾಲ್‌ರೂಮ್ ಸಂಸ್ಕೃತಿಯ, ಅಂದರೆ ನ್ಯೂಯಾರ್ಕಿನ ಲೈಂಗಿಕ ಅಲ್ಪಸಂಖ್ಯಾತರ ವೇಷ ಮತ್ತು ನೃತ್ಯ ಸ್ಪರ್ಧೆಗಳ, ಕಣಕ್ಕೆ ತಂದಿತು, ಮತ್ತು ಅದನ್ನು ಯಾರೂ ಹಳೆಯದೆಂದು ತಪ್ಪು ತಿಳಿಯುವ ಸಂಭವವೇ ಇರಲಿಲ್ಲ.

ಮೂಲ ನಿರ್ದೇಶನ ಮತ್ತು ವಿನ್ಯಾಸದ ಮೇಲೆ ಹಕ್ಕು ಯಾರಿಗೆ?

ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಗೆ ಹೆಸರಿಟ್ಟು ರಕ್ಷಣೆ ಕೊಡುತ್ತದೆ. ರಂಗನಿರ್ದೇಶನವನ್ನು ಹಾಗೆ ಹೆಸರಿಸಿಲ್ಲ. ಹೀಗಾಗಿ ನಿರ್ದೇಶಕರ ರಕ್ಷಣೆ ಬಹುಮಟ್ಟಿಗೆ ಒಪ್ಪಂದಗಳಿಂದ ಬರುತ್ತದೆ. 1990ರ ದಶಕದಲ್ಲಿ ನಿರ್ದೇಶಕ ಜೋ ಮ್ಯಾಂಟೆಲೊ, ತಮ್ಮ ನಿರ್ದೇಶನವನ್ನು ನಕಲು ಮಾಡಲಾಗಿದೆಯೆಂದು ಫ್ಲಾರಿಡಾದ ಒಂದು ರಂಗಮಂದಿರದ ವಿರುದ್ಧ ದಾವೆ ಹೂಡಿದ್ದರು. ಅದು ರಾಜಿಯಲ್ಲಿ ಮುಗಿದದ್ದರಿಂದ ನ್ಯಾಯಾಲಯದಿಂದ ಸ್ಪಷ್ಟ ತತ್ತ್ವ ಹೊರಬರಲಿಲ್ಲ. ಹವ್ಯಾಸಿ ಅಥವಾ ಪ್ರಾದೇಶಿಕ ತಂಡಗಳು ಪಡೆಯುವ ಸಾಮಾನ್ಯ ಪರವಾನಗಿಯಲ್ಲಿ ಇರುವುದು ಕೃತಿ ಮಾತ್ರ. ಮೂಲದ ಸಜ್ಜಿಕೆಯನ್ನೋ ನೃತ್ಯವನ್ನೋ ನೋಡಿ ಹಾಗೆಯೇ ಮಾಡುವುದು ಗೌರವ ಎಂದು ಅವರಿಗೆ ಅನ್ನಿಸಬಹುದು. ಅನುಮತಿಯಿಲ್ಲದೆ ಮಾಡಿದರೆ ಅದು ಇನ್ನೊಬ್ಬರ ದುಡಿಮೆಯನ್ನು ಕೇಳದೆ ತೆಗೆದುಕೊಂಡಂತೆ.

ತದ್ರೂಪು ಪ್ರಯೋಗದಲ್ಲಿ ನಟರಿಗೆ ಸ್ವಾತಂತ್ರ್ಯವಿರುತ್ತದೆಯೇ?

ಹೆಜ್ಜೆ ನಿಗದಿಯಾಗಿದೆಯೆಂದ ಮಾತ್ರಕ್ಕೆ ಅಭಿನಯ ನಿಗದಿಯಾಗುವುದಿಲ್ಲ. ನೂರು ಗಾಯಕರು ಒಂದೇ ಕೀರ್ತನೆಯನ್ನು ಹಾಡಿದಾಗಲೂ ನೂರು ಕೀರ್ತನೆಗಳೇ ಕೇಳಿಸುತ್ತವೆ. ಜೂಲಿ ಟೇಮರ್ ಅವರ ‘ದಿ ಲಯನ್ ಕಿಂಗ್’ 1997ರಿಂದ ಅವೇ ಮುಖವಾಡಗಳು, ಅವೇ ಬೊಂಬೆಗಳೊಡನೆ ದೇಶದಿಂದ ದೇಶಕ್ಕೆ ಹೋಗಿದೆ. ನಟನ ಮುಖವೂ ಮುಖವಾಡವೂ ಒಟ್ಟಿಗೆ ಕಾಣುವಂತಿರುವ ಆ ವಿನ್ಯಾಸದಲ್ಲಿ ಬೊಂಬೆಗೆ ಉಸಿರು ಕೊಡುವ ಹೊಣೆ ಪ್ರತಿ ಹೊಸ ನಟನದೂ ಆಗಿದೆ. ಆ ವಿನ್ಯಾಸವನ್ನು ತೆಗೆದು ಅದೇ ಹಾಡುಗಳನ್ನು ಉಳಿಸಿದರೆ ಏನು ಉಳಿದೀತೆಂದು ಯೋಚಿಸಿದಾಗ, ತದ್ರೂಪು ಎಂಬುದು ಏಕೆ ಬೇಕೆಂಬುದು ನನಗೆ ಸ್ಪಷ್ಟವಾಗುತ್ತದೆ.

ನಾನು ನೋಡಲಿರುವುದು ಯಾವ ಪ್ರಯೋಗ ಎಂದು ಟಿಕೆಟ್ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಹೆಸರುಗಳ ಪಟ್ಟಿಯನ್ನು ನೋಡಿ. ನಿರ್ದೇಶಕರು, ರಂಗವಿನ್ಯಾಸಕರು, ನೃತ್ಯ ಸಂಯೋಜಕರು ಎಂಬ ಮೂರು ಹೆಸರುಗಳು ಮೂಲದವೇ ಆಗಿದ್ದರೆ ಅದು ತದ್ರೂಪು. ‘ಮೂಲ ನಿರ್ದೇಶನದ ಆಧಾರದಲ್ಲಿ’, ‘ಮೂಲ ವಿನ್ಯಾಸದಿಂದ ರೂಪಾಂತರಿಸಿದ’ ಎಂಬ ಮಾತುಗಳಿದ್ದರೆ ಅದು ಮಿಶ್ರ ಬಗೆ. ವಾದ್ಯಸಂಯೋಜನೆಯ ಸಾಲಿನಲ್ಲಿ ಹೊಸ ಹೆಸರು ಸೇರಿದ್ದರೆ ವಾದ್ಯವೃಂದದ ಗಾತ್ರ ಬದಲಾಗಿರುವ ಸಾಧ್ಯತೆಯಿದೆ. ನಿರ್ಮಾಪಕರು ಇದನ್ನು ಜಾಹೀರಾತಿನಲ್ಲೇ ಸ್ಪಷ್ಟ ಮಾತಿನಲ್ಲಿ ಹೇಳಬೇಕೆಂಬುದು ನನ್ನ ಒತ್ತಾಯ. ಅಷ್ಟು ಬೆಲೆ ಕೊಟ್ಟು ಬರುವ ಪ್ರೇಕ್ಷಕ ಸಣ್ಣ ಅಕ್ಷರಗಳನ್ನು ಹುಡುಕಿ ಓದುವಂತಾಗಬಾರದು.

ನಿಂತುಹೋದ ಮೂಲ ಪ್ರಯೋಗಗಳನ್ನು ಈಗ ಎಲ್ಲಿ ನೋಡಬಹುದು?

ಮಾರುಕಟ್ಟೆಯಲ್ಲಿ ಸಿಗುವ ವಿಡಿಯೊ ಚಿತ್ರಣಗಳಲ್ಲಿ ಬಹುಪಾಲು ಮೂಲವಲ್ಲ. ‘ಫ್ಯಾಂಟಮ್’ನ 2011ರ ಚಿತ್ರಣ ರಾಯಲ್ ಆಲ್ಬರ್ಟ್ ಹಾಲ್‌ಗಾಗಿ ಬೇರೆಯಾಗಿ ಸಿದ್ಧಪಡಿಸಿದ ಪ್ರಯೋಗದ್ದು, ‘ಮಿಸ್ ಸೈಗಾನ್’ನದು 2014ರ ಹೊಸ ಪ್ರಯೋಗದ್ದು, ‘ಲೆ ಮಿಸರಾಬ್ಲ್’ನ 1995ರದು ಸಂಗೀತ ಕಚೇರಿಯ ರೂಪದ್ದು. ಮೂಲ ರೂಪಗಳನ್ನು ಅಧ್ಯಯನಕ್ಕಾಗಿ ಸಂಗ್ರಹಿಸುವ ಕೆಲಸವನ್ನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ರಂಗಪ್ರಯೋಗ ದಾಖಲೆ ವಿಭಾಗ 1970ರಿಂದಲೂ, ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 1992ರಿಂದಲೂ ಮಾಡುತ್ತ ಬಂದಿವೆ. ಆ ದಾಖಲೆಗಳು ಮನೆಯಲ್ಲಿ ನೋಡಲು ಸಿಗುವಂಥವಲ್ಲ. ಮೊದಲೇ ಕೋರಿಕೆ ಸಲ್ಲಿಸಿ, ಅಲ್ಲಿಗೇ ಹೋಗಿ, ಅಲ್ಲಿಯ ಪರದೆಯ ಮುಂದೆ ಕುಳಿತು ನೋಡಬೇಕು. ಯಾವ ಮ್ಯೂಸಿಕಲ್, ಯಾವ ರಂಗಮಂದಿರ, ಯಾವ ವರ್ಷ ಎಂಬುದನ್ನು ಕೋರಿಕೆಯಲ್ಲಿ ಖಚಿತವಾಗಿ ಬರೆಯಿರಿ, ಏಕೆಂದರೆ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಯೋಗಗಳ ದಾಖಲೆಗಳು ಇರಬಹುದು.